ನಿಂಬೆಹಣ್ಣಿನ ಪಂದ್ಯಕ್ಕೊಂದು ಗಾಡಿ

ಹೊಸ ಮೋಟಾರನ್ನು ಮನೆಗೆ ತಂದ ದಿನ ಅದರ ನಾಲ್ಕು ಚಕ್ರಗಳ ಕೆಳಗೂ ಒಂದೊಂದು ನಿಂಬೆಹಣ್ಣನ್ನಿಟ್ಟು, ಪೂಜೆ ಮಾಡಿ, ಗಾಡಿಯನ್ನು ಮೆಲ್ಲನೆ ಮುಂದಕ್ಕೆ ಹಾಯಿಸುವುದು ನಮ್ಮ ಕಡೆಯ ಪದ್ಧತಿ. ಗಾಡಿಗೆ ತಗಲಬಹುದಾದ ಕೆಟ್ಟ ಕಣ್ಣು ಆ ಹಣ್ಣಿನೊಡನೆಯೇ ನಾಶವಾಗಲಿ ಎಂಬುದು ಅದರ ಭಾವ. ಅಮೆರಿಕಾ ದೇಶದಲ್ಲಾದರೋ ನಿಂಬೆಹಣ್ಣು ಚಕ್ರದ ಕೆಳಗಿರುವುದಿಲ್ಲ, ಗಾಡಿಯೇ ನಿಂಬೆಹಣ್ಣು! ಕೊಂಡವನಿಗೆ ಸುಖವನ್ನು ಕೊಡದೆ ದಿನಕ್ಕೊಂದು ರೋಗವನ್ನು ತೋರಿಸುವ ಮೋಟಾರನ್ನು ಅಲ್ಲಿಯವರು 'ಲೆಮನ್' ಎಂದು ಕರೆಯುತ್ತಾರೆ. ಫ್ರಾನ್ಸಿನ ಲ ಮಾನ್ ಪಟ್ಟಣದಲ್ಲಿ 1923ರಲ್ಲಿ ಮೊದಲಾದ 24 ಗಂಟೆಗಳ ಮೋಟಾರು ಪಂದ್ಯ ಜಗತ್ಪ್ರಸಿದ್ಧವಾದುದಷ್ಟೆ. ಆ ಊರಿನ ಹೆಸರನ್ನೂ ಈ ಹಣ್ಣಿನ ಹೆಸರನ್ನೂ ವಿನೋದವಾಗಿ ಬೆರೆಸಿ, ಜೇ ಲ್ಯಾಮ್ ಎಂಬ ಪತ್ರಿಕಾ ಲೇಖಕರು 2006ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ '24 ಅವರ್ಸ್ ಆಫ್ ಲೆಮನ್ಸ್' ಎಂಬ ಪಂದ್ಯವನ್ನು ಆರಂಭಿಸಿದರು.

ಇದು ಧನಿಕರ ಪಂದ್ಯವಲ್ಲ. ಗಾಡಿಗೆ ತಗಲುವ ವೆಚ್ಚ 500 ಡಾಲರುಗಳನ್ನು ಮೀರಕೂಡದೆಂಬುದೇ ಇದರ ಮೂಲ ನಿಯಮ. ಮೀರಿತೆಂದು ನ್ಯಾಯಾಧಿಪತಿಗಳಿಗೆ ಸಂಶಯ ಬಂದರೆ, ಓಡಿದ ಸುತ್ತುಗಳಲ್ಲಿ ಕೆಲವನ್ನು ದಂಡವಾಗಿ ಕಳೆದುಬಿಡುವರು. ಗಾಡಿಯ ಸೀಟು, ರೇಡಿಯೋ ಮುಂತಾದುವನ್ನು ಕಳಚಿ ಮಾರಿದರೆ ಆ ಹಣವನ್ನು ಲೆಕ್ಕದಿಂದ ಇಳಿಸಿಕೊಳ್ಳಬಹುದು. ಹೆಸರು 24 ಗಂಟೆಗಳದಾದರೂ ಪಂದ್ಯವು ಸಾಮಾನ್ಯವಾಗಿ ಎರಡು ದಿನಗಳ ಹಗಲಿನಲ್ಲಿ ಹಂಚಿಕೊಂಡು ನಡೆಯುತ್ತದೆ. ನಾಲ್ಕಾರು ಮಂದಿ ಸರದಿಯ ಮೇಲೆ ನಡೆಸುತ್ತಾರೆ. ಹೆಚ್ಚು ಸುತ್ತು ಬಂದ ಗಾಡಿಗೆ ಜಯ. ಆದರೆ ಎಲ್ಲಕ್ಕಿಂತ ದೊಡ್ಡ ಬಹುಮಾನವು, 'ಇದು ಇಷ್ಟು ದೂರ ಓಡಲು ಸಾಧ್ಯವೇ ಇರಲಿಲ್ಲ' ಎನ್ನಿಸುವಂತಹ ಅತಿ ದರಿದ್ರ ಗಾಡಿಗೆ ಮೀಸಲು.

ಸ್ಯಾನ್ ಹೋಸೆ ನಗರದಲ್ಲಿ ನಮ್ಮ ವಾಸ. 2014ರಲ್ಲಿ ನಮ್ಮ ಕಡೆಯವರೇ ಆದ ಮೂವರು ಮಿತ್ರರು ಒಂದು ಭಾನುವಾರ ಮನೆಗೆ ಬಂದು, ಈ ಪಂದ್ಯಕ್ಕೆ ನಾವೂ ಜತೆಗೂಡಬೇಕೆಂದು ಹಟಹಿಡಿದರು. ವಾರವೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಬೆನ್ನು ಬಗ್ಗಿಸಿಕೊಂಡವರಿಗೆ ಇಂತಹ ಮಾತು ಅಮೃತದಂತಿರುತ್ತದೆ. ಕಾಫಿಯನ್ನು ತಂದಿಟ್ಟ ನಮ್ಮ ಮನೆಯಾಕೆ ಎಲ್ಲವನ್ನೂ ಕೇಳಿ, "ಗಾಡಿಗೆ ಐನೂರು ಸರಿ. ನಿಮ್ಮ ತಲೆಗೆ ಎಷ್ಟು ಎತ್ತಿಟ್ಟಿದ್ದೀರಿ?" ಎಂದಳು. ನಾಲ್ವರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದಾಗ ನಮ್ಮ ಕಣ್ಣು ತೆರೆಯಿತು. ಪ್ರಾಣರಕ್ಷಣೆಯ ಸಾಮಗ್ರಿ, ಬ್ರೇಕು, ಚಕ್ರ, ಟೈರು ಇವು ಆ 500 ಡಾಲರಿನ ಮಿತಿಗೆ ಒಳಪಡುವುದಿಲ್ಲ. ಗಾಡಿ ಮಗುಚಿದರೂ ಚಾವಣಿ ಕುಸಿಯದಂತೆ ಒಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಬೆಸೆಯಬೇಕು. ಪಂದ್ಯಕ್ಕೆಂದೇ ಮಾಡಿದ ಆಸನ, ಹೆಗಲು ಸೊಂಟಗಳನ್ನು ಬಿಗಿಯುವ ಪಟ್ಟಿ, ಬೆಂಕಿಯನ್ನು ತಡೆಯುವ ಉಡುಪು, ಹೆಲ್ಮೆಟ್ಟು, ಬೆಂಕಿಯಾರಿಸುವ ಸಿಲಿಂಡರು ಬೇಕು. ಇವಲ್ಲದೆ ತಲೆಯನ್ನೂ ಹೆಗಲನ್ನೂ ಕೂಡಿಸಿ ಹಿಡಿಯುವ ಒಂದು ಸಾಧನವುಂಟು. ರಾಬರ್ಟ್ ಹಬಾರ್ಡ್ ಎಂಬ ಪ್ರಾಧ್ಯಾಪಕರು ಕಂಡುಹಿಡಿದುದು. ಗಾಡಿ ಗೋಡೆಗೆ ಬಡಿದಾಗ ಪಟ್ಟಿಯು ದೇಹವನ್ನು ತಡೆಯುತ್ತದೆ; ತಲೆಯಾದರೋ ಮುಂದಕ್ಕೆ ಹಾರಿ, ತಲೆಬುರುಡೆಯ ಬುಡವೇ ಮುರಿಯಬಹುದು. 2001ರ ಫೆಬ್ರವರಿಯಲ್ಲಿ ಡೇಟೋನಾ ಪಂದ್ಯದಲ್ಲಿ ಪ್ರಸಿದ್ಧ ಸವಾರರಾದ ಡೇಲ್ ಅರ್ನ್‌ಹಾರ್ಟ್ ಅವರು ಇಂತಹ ಪೆಟ್ಟಿನಿಂದಲೇ ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಪಂದ್ಯಗಳನ್ನು ನಡೆಸುವ ಸಂಸ್ಥೆಯು ಇಂತಹ ಸಾಧನವನ್ನು ಕಡ್ಡಾಯಮಾಡಿತು. ಇವೆಲ್ಲವನ್ನೂ ಕೂಡಿದರೆ ಗಾಡಿಯ ಬೆಲೆಯ ಹಲವು ಪಾಲಾಯಿತು. ಅಗ್ಗದ ಪಂದ್ಯದಲ್ಲಿ ಅಗ್ಗವಾದುದು ಗಾಡಿಯೊಂದೇ ಎಂಬುದು ಆಗ ತಿಳಿಯಿತು.

ಮೊದಲು ನೋಡಿದ್ದು ಕೆಂಪು ಬಣ್ಣದ, ಆರು ಸಿಲಿಂಡರಿನ ಒಂದು ಗಾಡಿ. ಒಂದು ಕಾಲದಲ್ಲಿ ಐಶ್ವರ್ಯವಂತರ ಮನೆಯ ಅಲಂಕಾರವಾಗಿದ್ದುದು. ಯಂತ್ರವನ್ನು ಚಾಲೂ ಮಾಡಿದೊಡನೆ ಮಿತ್ರರ ಮುಖ ಅರಳಿತು. ಅವರಲ್ಲಿ ಕಿರಿಯರಾದವರಂತೂ ಮುಂಗಡವನ್ನು ಕೊಡಲು ಕಿಸೆಗೆ ಕೈಹಾಕಿದರು. ನಮಗೆ ಮಾತ್ರ ಏಕೋ ತಾತನವರ ನೆನಪಾಯಿತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹುಡುಗನಾದ ನಮ್ಮನ್ನು ಕರೆದೊಯ್ದು, "ಬಣ್ಣ ನೋಡಿ ಎತ್ತು ಹಿಡಿಯಬೇಡ ಮಗು, ಗೊರಸು ನೋಡು, ಅದು ನಿಂತ ನಿಲುವು ನೋಡು" ಎನ್ನುತ್ತಿದ್ದರು. ನೆಲದ ಮೇಲೆ ಮಲಗಿ ಗಾಡಿಯ ಅಡಿಯನ್ನು ದೀಪ ಹಿಡಿದು ನೋಡಿದೆವು. ಬಾಗಿಲಿನ ಕೆಳಗಿನ ಉಕ್ಕು ತುಕ್ಕು ಹಿಡಿದು, ಬೆರಳಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು. ಪಂಜರದ ಪಾದಗಳನ್ನು ಬೆಸೆಯಬೇಕಾದುದು ಅಲ್ಲಿಯೇ. ನೆಲಗಟ್ಟೇ ಕೊಳೆತ ಮೇಲೆ ಗಾಡಿ ಮಗುಚಿದಾಗ ಎಂತಹ ಪಂಜರವಾದರೂ ಅದನ್ನು ಸೀಳಿಕೊಂಡು ಹೋಗುವುದು.

ನಾವು ಬೇಡವೆಂದೆವು. ಮೂವರೂ ಬೇಕೆಂದರು. "ನಿಮ್ಮದು ಎಲ್ಲಕ್ಕೂ ಅಪಶಕುನ" ಎಂದು ಕಿರಿಯ ಮಿತ್ರರು ಮುನಿದರು. ಬಹುಮತಕ್ಕೆ ತಲೆಬಾಗಿ ಸುಮ್ಮನಿರುವುದು ಆ ಹೊತ್ತಿಗೆ ಸುಲಭವಾಗಿತ್ತು, ಸ್ನೇಹವೂ ಉಳಿಯುತ್ತಿತ್ತು. ಆದರೆ ನಾವು ಕಂಡುದನ್ನು ನುಂಗಿಕೊಂಡು, ನಾಳೆ ಅದೇ ಗಾಡಿಯೊಳಗೆ ಮತ್ತೊಬ್ಬರ ಮಗನನ್ನು ಕೂರಿಸುವುದು ಹೇಗೆ? "ಇದನ್ನು ಕೊಂಡರೆ ನಮ್ಮ ಪಾಲು ಇಲ್ಲ" ಎಂದು ಹೇಳಿ ಎದ್ದುಬಂದೆವು. ಹದಿನೈದು ದಿನ ಯಾರೂ ಮಾತನಾಡಲಿಲ್ಲ. ಕೊನೆಗೆ ಪಂಜರವನ್ನು ಬೆಸೆಯುವ ಕಸುಬುದಾರನೇ ಆ ನೆಲಗಟ್ಟಿಗೆ ಕೈಹಚ್ಚಲಾರೆನೆಂದನಂತೆ. ಮಿತ್ರರು ಮರಳಿ ಬಂದರು.

ಅಷ್ಟರಲ್ಲಿ ನಾವು ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡಿದ್ದೆವು. ದೀರ್ಘ ಪಂದ್ಯದಲ್ಲಿ ಶತ್ರುವೆಂದರೆ ಬೇರೆಯವರ ವೇಗವಲ್ಲ, ನಮ್ಮ ಗಾಡಿಯ ಕಾವು. ಬೀದಿಯಲ್ಲಿ ಒಂದು ಗಳಿಗೆ ಮಾತ್ರ ಪೂರ್ಣ ಬಲದಿಂದ ದುಡಿಯುವ ಯಂತ್ರ ಇಲ್ಲಿ ಗಂಟೆಗಟ್ಟಲೆ ದುಡಿಯಬೇಕು. ಆದುದರಿಂದ ರೇಡಿಯೇಟರು ಚೊಕ್ಕಟವಾಗಿರಬೇಕು. ಆಯಿಲ್ ಹಾಕುವ ಮುಚ್ಚಳವನ್ನು ತೆಗೆದಾಗ ಮಜ್ಜಿಗೆಯಂತಹ ಬಿಳಿ ನೊರೆ ಕಂಡರೆ, ಆಯಿಲಿಗೆ ನೀರು ಸೇರುತ್ತಿರಬಹುದು. ಹೆಡ್ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ಪ್ರತಿ ಸಿಲಿಂಡರಿನ ಒತ್ತಡವನ್ನೂ ಅಳೆದು, ಒಂದಕ್ಕೊಂದು ಹೊಂದುವುದೇ ಎಂದು ನೋಡಬೇಕು. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪು ಗಾಳಿಯನ್ನೇ ಹೀರಿದರೆ ಬೇರಿಂಗುಗಳು ಕ್ಷಣದಲ್ಲಿ ಸುಟ್ಟುಹೋಗುವುವು. ಆಯಿಲ್ ಸದಾ ತುಂಬಿರಬೇಕು. ಹಗುರವಾದ ಗಾಡಿ ಬ್ರೇಕನ್ನೂ ಟೈರನ್ನೂ ಕಡಿಮೆ ತಿನ್ನುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಬೀದಿಬೀದಿಯಲ್ಲಿ ಕಾಣಸಿಗುವ ಗಾಡಿಯೇ ಲೇಸು. ಅದರ ಬಿಡಿಭಾಗಗಳು ಯಾವ ಹಳ್ಳಿಯಲ್ಲಾದರೂ ದೊರೆತಾವು.

ಹೀಗೆ ಹುಡುಕುತ್ತ 1995ರ ಒಂದು ಟೊಯೋಟಾ ಕೊರೋಲಾ ಕಣ್ಣಿಗೆ ಬಿತ್ತು. ನಾಲ್ಕು ಸಿಲಿಂಡರು, 1.8 ಲೀಟರಿನ ಯಂತ್ರ, ಕೈಯಿಂದ ಹಾಕುವ ಐದು ಗೇರು. ಹಿಂದಿನ ಬಾಗಿಲು ನಜ್ಜುಗುಜ್ಜಾಗಿತ್ತು, ಬಣ್ಣವೆಂಬುದು ಹೆಸರಿಗಷ್ಟೆ. ಅಡಿಯ ಉಕ್ಕು ಮಾತ್ರ ಗಟ್ಟಿ. ಈ ಯಂತ್ರದಲ್ಲಿ ಇನ್ನೊಂದು ಗುಣವುಂಟು. ಅನೇಕ ಯಂತ್ರಗಳಲ್ಲಿ ಟೈಮಿಂಗ್ ಬೆಲ್ಟು ಹರಿದರೆ ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿದು ಯಂತ್ರವೇ ಹಾಳಾಗುತ್ತದೆ. ಇದರಲ್ಲಿ ಅವೆರಡರ ನಡುವೆ ಎಡೆಯಿರುವುದರಿಂದ ಗಾಡಿ ನಿಂತೀತೇ ಹೊರತು ಕೆಡದು. ಹೊಸ ಬೆಲ್ಟು ಹಾಕಿದರಾಯಿತು.

ಮಾರುವವರು ಎಂಬತ್ತು ದಾಟಿದ ವೃದ್ಧರು. ಗಾಡಿ ಅವರ ಪತ್ನಿಯದಂತೆ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ಕನ್ನಡಿಯ ಬಳಿ ಆಕೆಯ ಕೈಬರಹದ ಒಂದು ಸಾಮಾನಿನ ಪಟ್ಟಿ ಇನ್ನೂ ಸಿಕ್ಕಿಸಿದಂತೆಯೇ ಇತ್ತು. 500 ಡಾಲರು ಕೇಳಿದರು. ಜತೆಗೆ ಬಂದಿದ್ದ ನಮ್ಮ ಮನೆಯಾಕೆ ನಮ್ಮನ್ನು ಪಕ್ಕಕ್ಕೆ ಕರೆದು, "ಒಳಗಿನದನ್ನೆಲ್ಲ ಕಿತ್ತು ಪಂದ್ಯಕ್ಕೆ ಬಿಡುತ್ತೀರೆಂದು ಅವರಿಗೆ ಹೇಳಿದಿರಾ?" ಎಂದಳು. ಹೇಳಿದರೆ ವ್ಯಾಪಾರ ಮುರಿದೀತೆಂದು ನಾವು ಬಾಯಿಬಿಟ್ಟಿರಲಿಲ್ಲ. ನಾಚಿಕೆಯಾಯಿತು. ಇದ್ದುದನ್ನು ಇದ್ದಂತೆ ಹೇಳಿದೆವು. ವೃದ್ಧರು ಬಹಳ ಹೊತ್ತು ಗಾಡಿಯನ್ನೇ ನೋಡುತ್ತ ನಿಂತರು. ಬಳಿಕ, "ನಡೆಸುವ ಹುಡುಗರಿಗೆ ಒಳ್ಳೆಯ ಪಟ್ಟಿ ಇದೆಯೋ?" ಎಂದು ಕೇಳಿದರು. ಇದೆಯೆಂದೆವು. ಆ ಚೀಟಿಯನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, "450 ಕೊಡಿ. ಉಳಿದುದನ್ನು ಆ ಪಟ್ಟಿಗೆ ಸೇರಿಸಿ" ಎಂದರು.

ವಿಲೋಸ್ ಎಂಬ ಸಣ್ಣ ಊರಿನ ಪಕ್ಕದ ಥಂಡರ್‌ಹಿಲ್ ಅಂಗಳದಲ್ಲಿ ಪಂದ್ಯ. ಒಂದು ಸುತ್ತಿಗೆ ಸುಮಾರು 3 ಮೈಲಿ. ಮನೆಯಾಕೆ ಕಟ್ಟಿಕೊಟ್ಟಿದ್ದ ನಾಲ್ಕು ನಿಂಬೆಹಣ್ಣುಗಳನ್ನು ಚಕ್ರಗಳ ಕೆಳಗಿಟ್ಟಾಗ, ಬೆಲೆಯ ಪರೀಕ್ಷೆಗೆ ಬಂದ ನ್ಯಾಯಾಧಿಪತಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಬಿಸಿಲಿಗೆ ರೇಡಿಯೇಟರಿನ ಕೊಳವೆಯೊಂದು ಒಡೆಯಿತು. ವಿಲೋಸಿನ ಅಂಗಡಿಯಲ್ಲೇ ಹೊಸದು ಸಿಕ್ಕಿ, ಒಂದು ಗಂಟೆಯೊಳಗೆ ಗಾಡಿ ಮತ್ತೆ ಓಟಕ್ಕಿಳಿಯಿತು. ಕೊನೆಯ ಸರದಿ ಮುನಿದಿದ್ದ ಆ ಕಿರಿಯ ಮಿತ್ರರದು. ಇಳಿದು ಹೆಲ್ಮೆಟ್ಟು ತೆಗೆದವರೇ, "ಕಾವಿನ ಮುಳ್ಳು ಕದಲಲೇ ಇಲ್ಲ, ಅಣ್ಣಾ" ಎಂದರು. ನಡುವಿನ ಸ್ಥಾನಕ್ಕಿಂತಲೂ ಎಷ್ಟೋ ಹಿಂದೆ ನಾವು ಮುಗಿಸಿದ್ದೆವು, ಆದರೆ ಮುಗಿಸಿದ್ದೆವು. ನಮಗಿಂತ ವೇಗವಾಗಿ ಓಡಿದ ಎಷ್ಟೋ ಗಾಡಿಗಳು ಹಗ್ಗಕ್ಕೆ ಕಟ್ಟಿಸಿಕೊಂಡು ಹೊರಟಿದ್ದುವು.

ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ತಾಳುವುದು ಯಾವುದೆಂದು ಮೊದಲೇ ಗುರುತಿಸುವುದಕ್ಕೆ ಮೇಲಿನ ಬಣ್ಣವನ್ನು ಬಿಟ್ಟು ಅಡಿಯನ್ನು ನೋಡಬೇಕು. ನೋಡಿದುದನ್ನು ಸ್ನೇಹಿತರಿಗೂ, ಮಾರುವವರಿಗೂ ಬಾಯಿಬಿಟ್ಟು ಹೇಳಬೇಕು. ಇದನ್ನು ನಮಗೆ ಕಲಿಸಿದುದು 450 ಡಾಲರಿನ ಒಂದು ಹಳೆಯ ಗಾಡಿ. ಮನೆಗೆ ಬಂದ ರಾತ್ರಿಯೇ ಆ ವೃದ್ಧರಿಗೆ ಕಾಗದ ಬರೆದೆವು: ಗಾಡಿ ಪಂದ್ಯವನ್ನು ಪೂರೈಸಿತು, ಹುಡುಗರೆಲ್ಲರೂ ಕ್ಷೇಮ.