ಒಡೆದ ಗಾಜು, ಪರದೇಶದ ಪಟ್ಟಣ

ಯಾತ್ರೆಗೆ ಹೋದವರು ಬರಿಗೈಯಲ್ಲಿ ಹಿಂದಿರುಗಬಾರದೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಾಶಿಗೆ ಹೋದವರು ಗಂಗಾಜಲದ ಗಿಂಡಿಯನ್ನು ತರುವರು. ತಿರುಪತಿಗೆ ಹೋದವರು ಪ್ರಸಾದವನ್ನು ತಂದು ನೆರೆಹೊರೆಗೆ ಹಂಚುವರು. ಯೂರೋಪಿನ ಪಟ್ಟಣಗಳಿಗೆ ಹೋಗಿಬಂದವರು ಹಂಚುವುದು ಛಾಯಾಚಿತ್ರಗಳನ್ನು. ಪ್ಯಾರಿಸಿನ ಐಫೆಲ್ ಗೋಪುರ, ರೋಮಿನ ಕೊಲೋಸಿಯಂ, ವೆನಿಸ್ಸಿನ ನೀರುದಾರಿ. ಅವುಗಳ ಮುಂದೆ ಬಿಸಿಲಿಗೆ ಕಣ್ಣು ಕಿರಿದುಮಾಡಿಕೊಂಡು ನಿಂತ ಯಾತ್ರಿಕ. ಇಂತಹ ಚಿತ್ರಗಳನ್ನು ಹಾಸ್ಯಮಾಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮೂರು ದಿನದ ಅತಿಥಿಗೆ ಹೆಬ್ಬಾಗಿಲು ಕಾಣುವುದೇ ಸಹಜ. ಹಿತ್ತಲು ಕಾಣಬೇಕಾದರೆ ಮನೆಯಲ್ಲಿ ಕೆಲವು ಕಾಲ ಇರಬೇಕು.

ಪರದೇಶದಲ್ಲಿ ವರ್ಷಗಟ್ಟಲೆ ವಾಸಮಾಡುವವನ ಸ್ಥಿತಿ ಬೇರೆ. ಆತನು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ. ಬಾಡಿಗೆ ಕೊಟ್ಟು ಕೋಣೆ ಹಿಡಿದಿರುವನು. ಬೀದಿಗಳ ಹೆಸರು ಬಾಯಿಗೆ ಬಂದಿರುತ್ತದೆ. ಆದರೂ ಅಂಗಡಿಯವನು ಎರಡನೆಯ ಮಾತಿಗೇ ಈತನು ಹೊರಗಿನವನೆಂದು ಗುರುತಿಸುವನು. ಇಂಥವನ ಕೈಗೆ ಕ್ಯಾಮೆರಾ ಬಂದರೆ ಅದು ಏನನ್ನು ನೋಡೀತು? ಈ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಪ್ಯಾರಿಸು ನಗರದಷ್ಟು ಒಳ್ಳೆಯ ನಿದರ್ಶನ ಮತ್ತೊಂದು ಸಿಕ್ಕುವುದು ಕಷ್ಟ.

ಆ ನಗರದ ಛಾಯಾಚಿತ್ರಚರಿತ್ರೆಯು ಆರಂಭವಾದದ್ದೇ ಒಂದು ವಿಚಿತ್ರ ಸಂಗತಿಯಿಂದ. ೧೮೩೮ರಲ್ಲಿ ದಾಗೆರ್ ಎಂಬಾತನು ತನ್ನ ಕಿಟಕಿಯಿಂದ ಬೂಲ್ವಾರ್ ದ್ಯು ತಾಂಪ್ಲ್ ಎಂಬ ದೊಡ್ಡ ಬೀದಿಯ ಚಿತ್ರವನ್ನು ತೆಗೆದನು. ಬೀದಿಯಲ್ಲಿ ಗಾಡಿಗಳೂ ಜನರೂ ತುಂಬಿದ್ದರು. ಆದರೆ ಆಗಿನ ತಗಡಿನ ಮೇಲೆ ಬೆಳಕು ಅಚ್ಚೊತ್ತುವುದಕ್ಕೆ ಎಷ್ಟೋ ನಿಮಿಷಗಳು ಬೇಕಾಗಿದ್ದುದರಿಂದ, ಚಲಿಸುತ್ತಿದ್ದುದೆಲ್ಲವೂ ಮಾಯವಾಗಿ ಬೀದಿ ಬರಿದಾಯಿತು. ಒಂದು ಮೂಲೆಯಲ್ಲಿ ಒಬ್ಬನು ಕಾಲೆತ್ತಿ ಇಟ್ಟು ಬೂಟಿಗೆ ಮೆರುಗು ಹಾಕಿಸಿಕೊಳ್ಳುತ್ತ ನಿಂತಿದ್ದನು. ಅವನು ಮಾತ್ರ ಉಳಿದುಕೊಂಡನು. ಅವನಾರೆಂಬುದು ಯಾರಿಗೂ ತಿಳಿಯದು. ಓಡುತ್ತಿದ್ದ ನಗರವೆಲ್ಲವೂ ಅಳಿಸಿಹೋಗಿ, ನಿಂತಿದ್ದವನೊಬ್ಬನು ಉಳಿದ ಆ ಚಿತ್ರವನ್ನು ಪರಸ್ಥಳದಲ್ಲಿ ಕ್ಯಾಮೆರಾ ಹಿಡಿದವರೆಲ್ಲರೂ ಒಮ್ಮೆ ನೋಡುವುದು ಲೇಸು.

ಹೀಗೆ ಪ್ಯಾರಿಸಿನ ಬೀದಿಮೂಲೆಗಳಲ್ಲಿ ನಿಂತವರಲ್ಲಿ ಮುಖ್ಯನಾದವನು ಆಂದ್ರೇ ಕೆರ್ತೇಸ್. ಆತನು ೧೮೯೪ರಲ್ಲಿ ಹಂಗೆರಿಯ ಬುದಾಪೆಸ್ಟಿನಲ್ಲಿ ಹುಟ್ಟಿದವನು. ತಾಯಿತಂದೆಗಳಿಟ್ಟ ಹೆಸರು ಆಂದೋರ್. ಆಂದ್ರೇ ಎಂಬುದು ಫ್ರಾನ್ಸು ಕೊಟ್ಟ ರೂಪ. ಷೇರು ಪೇಟೆಯಲ್ಲಿ ಗುಮಾಸ್ತನಾಗಿದ್ದು, ೧೯೧೨ರಲ್ಲಿ ಮೊದಲ ಕ್ಯಾಮೆರಾ ಕೊಂಡನು. ಒಂದನೆಯ ಮಹಾಯುದ್ಧದಲ್ಲಿ ಸಿಪಾಯಿಯಾಗಿ ೧೯೧೫ರಲ್ಲಿ ಗಾಯಗೊಂಡನು. ಲೆಕ್ಕದ ಪುಸ್ತಕಗಳಲ್ಲಿ ಮನಸ್ಸು ನಿಲ್ಲದೆ, ೧೯೨೫ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸಿಗೆ ಬಂದನು. ಫ್ರೆಂಚು ಭಾಷೆ ಆತನಿಗೆ ಸರಿಯಾಗಿ ಬಾರದು. ಮೊಂಪಾರ್ನಾಸ್ ಬಡಾವಣೆಯ ಕೆಫೆ ದ್ಯು ದೋಮ್ ಎಂಬ ಕಾಫಿಯಂಗಡಿಯಲ್ಲಿ ಹಂಗೆರಿಯವರು ಕೂಡುತ್ತಿದ್ದ ಮೇಜುಗಳೇ ಆತನಿಗೆ ಊರಿನ ಜಗುಲಿಕಟ್ಟೆ.

ಆ ಮೊದಲ ಮೂರು ವರ್ಷಗಳಲ್ಲಿ ಆತನು ತನ್ನ ಚಿತ್ರಗಳನ್ನು ಬಹುಮಟ್ಟಿಗೆ ಅಂಚೆಕಾರ್ಡಿನ ಕಾಗದದ ಮೇಲೆಯೇ ಮುದ್ರಿಸುತ್ತಿದ್ದನು. ಆ ಕಾಗದ ಅಗ್ಗವಾದುದು; ಅಂಗೈಯಗಲದ್ದು; ಕಾಫಿಯ ಮೇಜಿನ ಮೇಲೆ ಕೈಯಿಂದ ಕೈಗೆ ದಾಟಿಸಬಹುದು; ಬುದಾಪೆಸ್ಟಿಗೆ ಕಳುಹಿಸಲೂಬಹುದು. ಅಚ್ಚಿಳಿದ ಮೇಲೆ ಬೇಡವಾದ ಭಾಗವನ್ನು ಬಿಟ್ಟು, ಬೇಕಾದುದನ್ನು ಮಾತ್ರ ಸಣ್ಣದಾಗಿ ಉಳಿಸಿಕೊಳ್ಳುವನು. ಈಗ ವಸ್ತುಸಂಗ್ರಹಾಲಯಗಳು ಜೋಪಾನಮಾಡಿರುವ ಆ ಚೂರುಗಳು ಮೂಲದಲ್ಲಿ ಬಡವನೊಬ್ಬನ ಯೋಗಕ್ಷೇಮಪತ್ರಗಳು. ಭಾಷೆಯಿಲ್ಲದವನಿಗೆ ಪತ್ರ ಬರೆಯಲು ಬೇರೆ ಸಾಧನವೇನಿತ್ತು?

ಆತನು ನೋಡಿದುದಾದರೂ ಏನು? ೧೯೨೬ರಲ್ಲಿ ಡಚ್ಚರ ಚಿತ್ರಕಾರ ಮೊಂಡ್ರಿಯಾನನ ಮನೆಗೆ ಹೋದನು. ಮೊಂಡ್ರಿಯಾನನೂ ಪ್ಯಾರಿಸಿನಲ್ಲಿ ಪರದೇಶಿಯೇ. ಆ ಚಿತ್ರದಲ್ಲಿ ಮನೆಯೊಡೆಯನು ಇಲ್ಲ. ಗೂಟಕ್ಕೆ ತೂಗಿದ ಟೋಪಿ, ಮೇಜಿನ ಮೇಲೊಂದು ಹೂದಾನಿ, ತೆರೆದ ಬಾಗಿಲಿನಾಚೆ ಬಳುಕಿ ಇಳಿಯುವ ಮೆಟ್ಟಿಲು. ದಾನಿಯೊಳಗಿನ ಹೂವು ನಿಜವಾದುದಲ್ಲ, ಕೃತಕವಾದುದು; ಅದರ ಎಲೆಗೆ ಮೊಂಡ್ರಿಯಾನನು ಬಿಳಿಯ ಬಣ್ಣ ಬಳಿದಿದ್ದನು. ೧೯೨೮ರ ಮತ್ತೊಂದು ಚಿತ್ರದಲ್ಲಿ ತಟ್ಟೆಯಂಚಿಗೆ ಒರಗಿಸಿಟ್ಟ ಮುಳ್ಳುಚಮಚವೂ ಅದರ ನೆರಳೂ ಅಲ್ಲದೆ ಬೇರೇನೂ ಇಲ್ಲ. ಊಟ ಮುಗಿದಿದೆಯೋ ಇನ್ನೂ ಬಡಿಸಿಲ್ಲವೋ ತಿಳಿಯದು.

ಅದೇ ವರ್ಷ ಲೈಕಾ ಎಂಬ ಸಣ್ಣ ಕ್ಯಾಮೆರಾ ಆತನ ಕೈಗೆ ಬಂದಿತು. ದೊಡ್ಡ ಪೆಟ್ಟಿಗೆ, ಮುಕ್ಕಾಲಿ, ಗಾಜಿನ ಫಲಕ ಇವುಗಳ ಹೊರೆ ಕಡಮೆಯಾಯಿತು. ನಗರದ ಹೊರವಲಯದ ಮ್ಯೂದೊನಿನಲ್ಲಿ ತೆಗೆದ ಚಿತ್ರವು ಆ ಕಾಲದ್ದು. ಎತ್ತರದ ಕಮಾನು ಸೇತುವೆಯ ಮೇಲೆ ಹೊಗೆಬಂಡಿ ಹಾಯುತ್ತಿದೆ. ಕೆಳಗೆ ಇಕ್ಕಟ್ಟಾದ ಬೀದಿಯಲ್ಲಿ ಟೋಪಿಯ ಮನುಷ್ಯನೊಬ್ಬನು ವೃತ್ತಪತ್ರಿಕೆಯಲ್ಲಿ ಸುತ್ತಿದ ಗಂಟೊಂದನ್ನು ಹಿಡಿದು ಈಚೆಗೆ ಬರುತ್ತಿರುವನು. ಗಂಟಿನಲ್ಲೇನಿದೆಯೆಂದು ಚಿತ್ರ ಹೇಳುವುದಿಲ್ಲ. ಎಲ್ಲರೂ ತೆಗೆಯುವ ಐಫೆಲ್ ಗೋಪುರವನ್ನು ಆತನೂ ೧೯೨೯ರಲ್ಲಿ ತೆಗೆದನು. ಆದರೆ ಗೋಪುರವನ್ನೇರಿ ಕೆಳಗೆ ನೋಡಿದನು; ನೆಲದ ಮೇಲೆ ಹರಡಿದ ಕಬ್ಬಿಣದ ನೆರಳನ್ನೂ ಅದರೊಳಗೆ ಇರುವೆಗಳಂತೆ ತಿರುಗುವ ಜನರನ್ನೂ ಕಂಡನು. ಹೆಬ್ಬಾಗಿಲನ್ನು ದಾಟಿ ಹಿತ್ತಲಿಗೆ ಬಂದವನ ನೋಟವಿದು.

ಆತನ ಮಿತ್ರನೊಬ್ಬನ ವಿಷಯವನ್ನೂ ಇಲ್ಲಿ ಹೇಳಬೇಕು. ಗ್ಯೂಲಾ ಹಲಾಸ್ ಎಂಬಾತನು ೧೮೯೯ರಲ್ಲಿ ಬ್ರಾಶೋ ಪಟ್ಟಣದಲ್ಲಿ ಹುಟ್ಟಿ, ೧೯೨೪ರಲ್ಲಿ ಪ್ಯಾರಿಸಿಗೆ ಬಂದು ಪತ್ರಿಕೆಗಳಿಗೆ ಬರೆದು ಜೀವಿಸುತ್ತಿದ್ದನು. ರಾತ್ರಿಯ ವೇಳೆ ಬೀದಿ ಅಲೆಯುವುದು ಆತನ ಅಭ್ಯಾಸ. ಕೆರ್ತೇಸನ ಸಹವಾಸದಿಂದ ಕ್ಯಾಮೆರಾದ ಕಡೆಗೆ ತಿರುಗಿ, ಮಂಜು ಕವಿದ ಸೇತುವೆಗಳನ್ನೂ ಒದ್ದೆಯಾದ ಕಲ್ಲುಹಾಸನ್ನೂ ರಾತ್ರಿಯಲ್ಲಿ ದುಡಿಯುವವರನ್ನೂ ಚಿತ್ರಿಸಿದನು. ಕತ್ತಲೆಯಲ್ಲಿ ಕ್ಯಾಮೆರಾದ ಕಣ್ಣನ್ನು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಸಿಗರೇಟಿನಿಂದ ಅಳೆಯುತ್ತಿದ್ದನಂತೆ: ಬೆಳಕು ತಕ್ಕಮಟ್ಟಿಗಿದ್ದರೆ ಒಂದು ಬಗೆಯ ಸಿಗರೇಟು ಉರಿದು ಮುಗಿಯುವವರೆಗೆ, ಕತ್ತಲೆ ಗಾಢವಾಗಿದ್ದರೆ ಅದಕ್ಕಿಂತ ದಪ್ಪನಾದುದು. ಚಿತ್ರಗಳಿಗೆ ಸಹಿ ಹಾಕಲು ಆತನು ಆರಿಸಿಕೊಂಡ ಹೆಸರು ಬ್ರಸಾಯ್, ಎಂದರೆ ಬ್ರಾಶೋವಿನವನು. ತನ್ನ ಊರನ್ನು ಬಿಟ್ಟುಬಂದವನು ಆ ಊರನ್ನೇ ಹೆಸರಾಗಿ ಹೊತ್ತುಕೊಂಡು ಪ್ಯಾರಿಸನ್ನು ನೋಡಿದನು. ಆತನು ಅಲ್ಲಿಯೇ ನಿಂತನು. ೧೯೪೯ರಲ್ಲಿ ಫ್ರಾನ್ಸಿನ ಪ್ರಜೆಯಾದನು.

ಕೆರ್ತೇಸನ ದೈವ ಹಾಗಿರಲಿಲ್ಲ. ಬುದಾಪೆಸ್ಟಿನಿಂದ ಬಂದು ತನ್ನನ್ನು ಕೂಡಿಕೊಂಡಿದ್ದ ಪತ್ನಿ ಎಲಿಜಬೆತಳೊಡನೆ ೧೯೩೬ರಲ್ಲಿ ನ್ಯೂಯಾರ್ಕಿಗೆ ಹೊರಟನು. ಒಂದೆರಡು ವರ್ಷ ಕೆಲಸಮಾಡಿ ಹಿಂದಿರುಗುವುದೆಂದು ಸಂಕಲ್ಪ. ಹೊರೆಯಾಗುವುದೆಂದು ಗಾಜಿನ ಫಲಕಗಳನ್ನು ಫ್ರಾನ್ಸಿನಲ್ಲಿಯೇ ಪರಿಚಿತರಲ್ಲಿ ಬಿಟ್ಟನು. ಕೆಲಸ ಕೂಡಿಬರಲಿಲ್ಲ, ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಹಂಗೆರಿಯು ಶತ್ರುಪಕ್ಷ ಸೇರಿದ್ದರಿಂದ ಹಂಗೆರಿಯವನು ಅಮೆರಿಕದಲ್ಲಿ ಶತ್ರುದೇಶೀಯನಾದನು. ಬೀದಿಯಲ್ಲಿ ಕ್ಯಾಮೆರಾ ಹಿಡಿಯುವುದೇ ಸಂಶಯಕ್ಕೆ ಕಾರಣವಾಯಿತು. ೧೯೪೪ರಲ್ಲಿ ಅಮೆರಿಕದ ಪ್ರಜೆಯಾದನು. ೧೯೪೫ರಲ್ಲಿ ಆತನ ಪ್ಯಾರಿಸು ಚಿತ್ರಗಳ ಪುಸ್ತಕವೊಂದು ನ್ಯೂಯಾರ್ಕಿನಲ್ಲಿ ಹೊರಬಂದಿತು. ಹತ್ತು ವರ್ಷಗಳ ಚಿತ್ರಗಳನ್ನು ಅದರಲ್ಲಿ ಬೆಳಗಿನಿಂದ ರಾತ್ರಿಯವರೆಗಿನ ಒಂದೇ ದಿನದಂತೆ ಜೋಡಿಸಿತ್ತು. ಹಿಂದಿರುಗಲಾರದ ಊರು ಒಂದು ದಿನದ ಅಳತೆಗೆ ಬಂದಿತ್ತು. ಆಮೇಲೆ ಅನೇಕ ವರ್ಷ ಆತನು ಮನೆಗಳ ಅಂದಚಂದವನ್ನು ತೋರಿಸುವ ಪತ್ರಿಕೆಗಾಗಿ ಪರರ ಕೋಣೆಗಳನ್ನು ಚಿತ್ರಿಸಿ ಹೊಟ್ಟೆ ಹೊರೆದುಕೊಂಡನು.

೧೯೬೩ರಲ್ಲಿ ಫ್ರಾನ್ಸಿಗೆ ಹೋದಾಗ, ಬಿಟ್ಟುಬಂದಿದ್ದ ಫಲಕಗಳು ಮತ್ತೆ ಆತನ ಕೈಸೇರಿದವು. ಯುದ್ಧವನ್ನು ದಾಟಿ ಉಳಿದಿದ್ದವು; ಆದರೆ ಬಹಳಷ್ಟು ಒಡೆದುಹೋಗಿದ್ದವು. ಅವುಗಳಲ್ಲೊಂದು ೧೯೨೯ರಲ್ಲಿ ಮೊಂಮಾರ್ತ್ರದ ಕಡೆಯ ಮನೆಗಳನ್ನು ಕಿಟಕಿಯಿಂದ ನೋಡಿ ತೆಗೆದುದು. ಗಾಜಿನಲ್ಲಿ ತೂತು ಬಿದ್ದು, ಅದರ ಸುತ್ತಲೂ ಜೇಡರ ಬಲೆಯಂತೆ ಬಿರುಕುಗಳು ಹರಡಿದ್ದವು. ಆತನು ಅದನ್ನು ಎಸೆಯಲಿಲ್ಲ. ತೇಪೆ ಹಾಕಲೂ ಇಲ್ಲ. ಇದ್ದಂತೆಯೇ ಅಚ್ಚಿಳಿಸಿದನು. ಮನೆಗಳ ಸಾಲಿನ ನಡುವೆ ಒಂದು ಕಪ್ಪು ರಂಧ್ರ. ಗುಂಡು ತಾಗಿದ ಕಿಟಕಿಯಿಂದ ಊರನ್ನು ನೋಡಿದಂತೆ. ಇಪ್ಪತ್ತೇಳು ವರ್ಷಗಳ ಅಗಲಿಕೆಯನ್ನು ಬೇರಾವ ಚಿತ್ರವೂ ಇಷ್ಟು ನೇರವಾಗಿ ತೋರಿಸಲಾರದು. ಮತ್ತು ಅದನ್ನು ಆತನು ತೆಗೆದಾಗ ಅಗಲಿಕೆಯ ಸುಳಿವೇ ಇರಲಿಲ್ಲ.

೧೯೭೭ರಲ್ಲಿ ಎಲಿಜಬೆತ್ ತೀರಿಕೊಂಡಳು. ಎಂಬತ್ತು ದಾಟಿದ್ದ ಕೆರ್ತೇಸನು ಮನೆಯಿಂದ ಹೊರಡುವುದು ಕಡಮೆಯಾಯಿತು. ಅಂಗಡಿಯೊಂದರಲ್ಲಿ ಕಂಡ ಗಾಜಿನ ಚಿಕ್ಕ ಪ್ರತಿಮೆಯೊಂದರ ಕೊರಳು ಹೆಗಲುಗಳಲ್ಲಿ ಆತನಿಗೆ ಪತ್ನಿಯ ರೂಪು ಹೊಳೆಯಿತು. ಅದನ್ನು ಕಿಟಕಿಯ ಪಟ್ಟಿಯ ಮೇಲಿಟ್ಟು, ಬೆಳಗು ಸಂಜೆಗಳ ಬೆಳಕು ಅದರೊಳಗೆ ಬಾಗುವುದನ್ನು ಪೋಲರಾಯ್ಡ್ ಕ್ಯಾಮೆರಾದಿಂದ ಚಿತ್ರಿಸುತ್ತಿದ್ದನು. ೧೯೮೧ರಲ್ಲಿ ಅವು ಪುಸ್ತಕವಾದವು. ೧೯೮೪ರಲ್ಲಿ ತನ್ನ ಮೂಲಫಲಕಗಳನ್ನೆಲ್ಲ ಫ್ರಾನ್ಸಿನ ಸರ್ಕಾರಕ್ಕೆ ಒಪ್ಪಿಸಿದನು. ಮರುವರ್ಷ ನ್ಯೂಯಾರ್ಕಿನಲ್ಲಿ ಮೃತನಾದನು. ಹನ್ನೊಂದು ವರ್ಷ ಮಾತ್ರ ಇದ್ದ ಊರಿಗೆ ಕಣ್ಣು ಕಂಡುದೆಲ್ಲವನ್ನೂ ಕೊಟ್ಟು, ಸುಮಾರು ಐವತ್ತು ವರ್ಷ ಇದ್ದ ಊರಿಗೆ ದೇಹವನ್ನು ಬಿಟ್ಟುಹೋದನು. ಚಿತ್ರ ತೆಗೆದ ಮಾತ್ರಕ್ಕೆ ಊರು ತನ್ನದಾಗುವುದೆಂದು ಆತನ ಬಾಳನ್ನು ನೋಡಿ ಹೇಳುವಂತಿಲ್ಲ, ಆಗದೆಂದೂ ಹೇಳುವಂತಿಲ್ಲ.

ಈಗ ಕರ್ಣಾಟಕದ ಎಷ್ಟೋ ಮನೆಗಳ ಮಕ್ಕಳು ಬರ್ಲಿನ್, ಆಮ್‌ಸ್ಟರ್‌ಡಾಮ್, ಡಬ್ಲಿನ್ ಮುಂತಾದ ಪಟ್ಟಣಗಳಲ್ಲಿರುವರು. ಅಂಚೆಕಾರ್ಡಿನ ಕಾಲ ಮುಗಿದು, ಅಲ್ಲಿ ತೆಗೆದ ಚಿತ್ರವು ಕ್ಷಣಾರ್ಧದಲ್ಲಿ ಇಲ್ಲಿಯ ತಾಯಿಯ ಅಂಗೈಯಲ್ಲಿರುವುದು. ಗೋಪುರದ ಚಿತ್ರ, ಅರಮನೆಯ ಚಿತ್ರ, ಸೇತುವೆಯ ಚಿತ್ರ ಇವುಗಳನ್ನು ಆಕೆ “ಚೆನ್ನಾಗಿದೆ” ಎಂದು ದಾಟಿಸುವಳು. ನಡುವೆ ಎಲ್ಲಿಯೋ ಮಗನು ಕೈತಪ್ಪಿ ಕಳುಹಿಸಿದ ಚಿತ್ರವೊಂದಿರುತ್ತದೆ: ಮಳೆಹನಿ ಬಿದ್ದ ಗಾಜು, ಪಟ್ಟಿಯ ಮೇಲೊಂದು ಲೋಟ, ಆಚೆ ಎಲೆಯುದುರಿದ ಮರ. ಅಲ್ಲಿ ಆಕೆಯ ಬೆರಳು ನಿಲ್ಲುವುದು. ಎರಡು ಬೆರಳುಗಳಿಂದ ಆ ಚಿತ್ರವನ್ನು ಹಿಗ್ಗಿಸಿ, ಲೋಟ ತೊಳೆದಿದೆಯೋ ಇಲ್ಲವೋ ಎಂಬುದನ್ನೂ ನೋಡಿ, ರಾತ್ರಿ ಮಾತನಾಡುವಾಗ ಕೇಳುವಳು:

“ಏನಪ್ಪ, ಇದು ನಿಮ್ಮ ಮನೆಯ ಕಿಟಕಿಯೇ?”

ಅಷ್ಟು ದಿನವೂ ಅದನ್ನು ಕೋಣೆಯೆಂದೇ ಕರೆಯುತ್ತಿದ್ದವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದಮ್ಮ” ಎನ್ನುವನು.