ಬೇಳೆ ಬೆಂದ ಮೇಲೆ ಹುಳಿ

ಬೇಳೆ ಬೇಯುವ ಮೊದಲೇ ಹುಣಸೆಹುಳಿ ಹಾಕಬಾರದು. ನಮ್ಮ ಕಡೆಯ ಅಡುಗೆಮನೆಯಲ್ಲಿ ಬೆಳೆದ ಯಾರಿಗೂ ಈ ಮಾತು ಹೊಸದಲ್ಲ. ಹಾಕಿದರೆ ಏನಾಗುತ್ತದೆ ಎಂದು ಕೇಳಿದರೆ ‘ಬೇಯೋದಿಲ್ಲ ಕಣೇ, ಅಷ್ಟೇ’ ಎನ್ನುತ್ತಿದ್ದರು ಅಜ್ಜಿ. ಅವರ ಕೈಯಲ್ಲಿ ಸೌಟು, ಎದುರಿಗೆ ಒಲೆ, ಹಜಾರದಲ್ಲಿ ಊಟಕ್ಕೆ ಕಾದವರು. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಪುರುಸೊತ್ತೂ ಇರಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಅಂಟು. ಕುದಿಯುವ ನೀರಿನಲ್ಲಿ ಅದು ಕರಗಿದರೆ ಮಾತ್ರ ಬೇಳೆ ಒಡೆದು ಮೆತ್ತಗಾಗುತ್ತದೆ. ಹುಳಿ ಸೇರಿತೋ, ಪೆಕ್ಟಿನ್ ಕರಗುವುದಕ್ಕೆ ಒಪ್ಪುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಟೊಮೆಟೊಗೂ ಇದೇ ಮಾತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ ಎಂದು ಹೆಂಗಸರು ಹೇಳುವುದಕ್ಕೂ ಮೂಲ ಇಲ್ಲೇ ಇದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬೇಳೆಯಲ್ಲಿರುವ ಬಿ1 ಜೀವಸತ್ವವನ್ನು ಸೋಡಾ ಕೆಡಿಸುತ್ತದೆ. ಮಳೆನೀರು ಹಿಡಿದಿಟ್ಟುಕೊಂಡವರು ಬೇಳೆಗೆ ಆ ನೀರನ್ನೇ ಎತ್ತಿಡುವುದು ಜಾಣತನ.

ಅಜ್ಜಿಗೆ ಪೆಕ್ಟಿನ್ ಗೊತ್ತಿರಲಿಲ್ಲ. ಅವರ ಸಾರು ಒಂದು ದಿನವೂ ಕೆಡಲಿಲ್ಲ. ನಿಯಮ ಮೊದಲು, ಕಾರಣ ಆಮೇಲೆ. ದಿನದಿನದ ಕಲಿಕೆ ಬರುವುದು ಬಹುಪಾಲು ಇದೇ ದಾರಿಯಲ್ಲಿ, ಮತ್ತು ಅದರಲ್ಲಿ ಕೊರತೆಯೇನೂ ಇಲ್ಲ ಎಂದು ನಾನು ನಂಬಿದ್ದೇನೆ. ಹಸಿದವರಿಗೆ ಮೊದಲು ಬೇಕಾದದ್ದು ಬೆಂದ ಬೇಳೆ. ಕಾರಣ ತಿಳಿದ ಮೇಲೆ ಸಿಗುವ ಲಾಭ ಬೇರೆ: ಊರು ಬದಲಾದಾಗ, ನೀರು ಬದಲಾದಾಗ, ಆ ನಿಯಮವನ್ನು ಎಲ್ಲಿ ಸಡಿಲಿಸಬಹುದು, ಎಲ್ಲಿ ಸಡಿಲಿಸಬಾರದು ಎಂಬುದು ಗೊತ್ತಾಗುತ್ತದೆ.

ಮೊಸರಿನ ವಿಷಯದಲ್ಲೂ ಹಾಗೆಯೇ. ಹಾಲು ಉಗುರು ಬೆಚ್ಚಗಿರಬೇಕು, ಹೆಪ್ಪು ಹಾಕಿದ ಮೇಲೆ ಪಾತ್ರೆ ಅಲುಗಿಸಬಾರದು, ಚಳಿಗಾಲದಲ್ಲಿ ಬಟ್ಟೆ ಸುತ್ತಿ ಅಕ್ಕಿ ಡಬ್ಬದಲ್ಲಿಡಬೇಕು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹುರುಪಿನಿಂದ ಬೆಳೆಯುವುದು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ. ಸುಡುವ ಹಾಲಿಗೆ ಹಾಕಿದರೆ ಅವು ಸಾಯುತ್ತವೆ, ತಣ್ಣನೆ ಹಾಲಿನಲ್ಲಿ ಸುಮ್ಮನಿರುತ್ತವೆ. ಹುಳಿ ಏರಿದಂತೆ ಹಾಲಿನ ಪ್ರೋಟೀನು ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಅಲುಗಿಸಿದರೆ ಆ ಹೆಣಿಗೆ ಹರಿದು ನೀರು ಬಿಡುತ್ತದೆ. ಮನೆಯಲ್ಲಿ ಹೆಪ್ಪಿಗೆ ಮೊಸರೇ ಇಲ್ಲದ ದಿನ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿಡುವವರೂ ಇದ್ದಾರೆ. ತೊಟ್ಟಿನ ಮೇಲೆ ಕೂತ ಬ್ಯಾಕ್ಟೀರಿಯಾವೇ ಆ ಕೆಲಸ ಮಾಡುತ್ತದೆ. ಮೊದಲ ಸಲ ಮೊಸರು ತೆಳ್ಳಗಾದರೂ ಅದನ್ನೇ ಮತ್ತೆ ಹೆಪ್ಪಿಗೆ ಬಳಸಿದರೆ ಗಟ್ಟಿಯಾಗುತ್ತ ಬರುತ್ತದೆ. ಇದನ್ನು ಮೊದಲು ಕಂಡುಕೊಂಡವರು ಯಾರೋ! ಅವರ ಹೆಸರು ಉಳಿದಿದ್ದರೆ ಕೈಮುಗಿಯಬಹುದಿತ್ತು.

ಇಂಥ ತಿಳಿವಳಿಕೆಯನ್ನು ಬರೆದಿಡಲು ಯೋಗ್ಯ ಎಂದು ಸಾವಿರ ವರ್ಷದ ಹಿಂದೆಯೇ ಭಾವಿಸಿದ ಕನ್ನಡಿಗನೊಬ್ಬನಿದ್ದ. ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ ಬರೆದ. ಅದರಲ್ಲಿ ಅಂತರ್ಜಲ ಹುಡುಕುವ ಬಗೆಯಿದೆ, ಮರಗಿಡಗಳ ಆರೈಕೆಯಿದೆ, ಸುಗಂಧ ತಯಾರಿಯಿದೆ, ದನಕರುಗಳ ಮದ್ದಿದೆ, ಅಡುಗೆಯಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸುವ ಇಡ್ಲಿಯ ಕ್ರಮವೂ ಅಲ್ಲೇ ಸಿಗುತ್ತದೆ. ರಾಜರ ವಿಜಯಗಳನ್ನು ಹಾಡಿದ ಕವಿಗಳು ಬೇಕಾದಷ್ಟು ಜನ ಇದ್ದ ಕಾಲದಲ್ಲಿ ಒಬ್ಬ ವಿದ್ವಾಂಸ ಉದ್ದು ನೆನೆಸುವುದನ್ನು ಪದ್ಯಕ್ಕೆ ತಂದ ಎಂಬುದು ನನಗೆ ದೊಡ್ಡ ಸಂಗತಿ. ಇವತ್ತು ಉದ್ದು, ಅಕ್ಕಿಯ ಹಿಟ್ಟಿಗೆ ನಾವು ಹೆಪ್ಪನ್ನೇ ಹಾಕುವುದಿಲ್ಲ. ಧಾನ್ಯದ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಅನಿಲ ಹೊರಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಕರಾವಳಿಯ ಸೆಕೆಯಲ್ಲಿ ಉಕ್ಕಿ ಚೆಲ್ಲುವ ಹಿಟ್ಟು ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಗಾದರೂ ಏಳದೆ ಕೂತಿರುತ್ತದೆ.

ಆದರೆ ಎಷ್ಟೇ ಚೆನ್ನಾಗಿ ಬರೆದರೂ ಪುಸ್ತಕಕ್ಕೆ ದಕ್ಕದ ಒಂದಂಶ ಇದ್ದೇ ಇರುತ್ತದೆ. ಅದಕ್ಕೆ ಬಲ್ಲವರ ಪಕ್ಕದಲ್ಲಿ ನಿಲ್ಲಲೇಬೇಕು. ಜೋಳದ ರೊಟ್ಟಿಯನ್ನು ನಾನು ಕಲಿಯುತ್ತಿರುವುದು ಹಾಗೆಯೇ, ನಮ್ಮ ಕೆಳಗಿನ ಮನೆಗೆ ವಿಜಯಪುರದ ಕಡೆಯಿಂದ ಬಂದ ಹಿರಿಯರೊಬ್ಬರಿಂದ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಆದ್ದರಿಂದ ಕುದಿಯುವ ಎಸರು ಸುರಿದು ಹಿಟ್ಟಿನ ಪಿಷ್ಟವನ್ನೇ ಅಂಟಾಗಿಸಿ ನಾದಬೇಕು. ಇಷ್ಟನ್ನು ನಾನು ಓದಿ ತಿಳಿದಿದ್ದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬೀಸಿದ ಕೆಲವೇ ದಿನದಲ್ಲಿ ಬಳಸಿಬಿಡಬೇಕು ಎಂದು ಅವರು ಹೇಳಿಕೊಟ್ಟರು. ಹೆಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವ ಗಳಿಗೆ ಮಾತ್ರ ಯಾವ ಓದಿನಲ್ಲೂ ಸಿಗಲಿಲ್ಲ. ‘ತಡಾ ಮಾಡಬ್ಯಾಡ್ರಿ ಅಕ್ಕಾರ, ಬಿರೀತದ’ ಎಂದು ಅವರು ಹೇಳಿ ಮುಗಿಸುವುದರೊಳಗೆ ಅಂಚು ಬಿರಿದಿರುತ್ತದೆ. ಈಗ ನಾನು ಅವರ ಬಾಯಿ ನೋಡುವುದನ್ನು ಬಿಟ್ಟು ಕೈ ನೋಡುತ್ತೇನೆ. ರೊಟ್ಟಿಯ ಮೈಮೇಲಿನ ಹಸಿ ಬಣ್ಣ ಒಂದಿಷ್ಟು ಮಾಸುವಾಗ ಆ ಕೈ ತಾನಾಗಿಯೇ ಬಟ್ಟೆಯತ್ತ ಹೋಗುತ್ತದೆ. ಬೆಂಕಿ ಎಷ್ಟಿದೆ, ಹೆಂಚು ಎಷ್ಟು ದಪ್ಪ, ರೊಟ್ಟಿ ಎಷ್ಟು ತೆಳು ಎಂಬುದೆಲ್ಲ ಆ ಕೈಗೆ ಗೊತ್ತು.

ಅವರಿಗೆ ರಾಗಿಮುದ್ದೆ ಹೊಸದು. ಹಿಟ್ಟು ಗಂಟಾಗದಂತೆ ತಿರುವುವುದು ಹೇಗೆ ಎಂದು ಮೊನ್ನೆ ಕೇಳಿದರು. ಕುದಿಯುವ ನೀರಿನ ನಡುವೆ ಹಿಟ್ಟನ್ನು ಗುಡ್ಡೆ ಹಾಕಿ, ಕಲಕದೆ ಬೇಯಲು ಬಿಟ್ಟು, ಆಮೇಲೆ ಕೋಲು ಹಾಕಬೇಕು ಎಂದು ಹೇಳಿದೆ. ಅವರು ತಲೆಯಾಡಿಸಿ, ‘ಹೇಳಿದ್ರ ತಿಳಿಯಂಗಿಲ್ರಿ, ಮಾಡಿ ತೋರಸ್ರಿ’ ಎಂದರು. ಅವರ ಮನೆಯಲ್ಲಿ ಮುದ್ದೆಕೋಲಿಲ್ಲ. ಭಾನುವಾರ ನಮ್ಮದನ್ನೇ ತೆಗೆದುಕೊಂಡು ಹೋಗುತ್ತೇನೆ.