ನಡುವಿನ ಸೊನ್ನೆ

ಅಳಿಯ ಹೊಸದಾಗಿ ಮಾಡಿಸಿಕೊಂಡು ಬಂದ ವೈರನ್ನು ಕಟಿಂಗ್ ಪ್ಲೇಯರ್ ತಂದು ನಡುವೆಯೇ ಕತ್ತರಿಸಿಬಿಟ್ಟೆ. ಹದಿನೈದು ಮೀಟರ್ ಒಳ್ಳೆಯ ತಾಮ್ರದ ಕೇಬಲ್ಲು. ತಪ್ಪು ಇದ್ದದ್ದು ಅದರ ತುದಿಗಳಲ್ಲಿ, ಎರಡಕ್ಕೂ ಪಿನ್ನು. "ಮಾಮಾ, ತಲಿ ಕೆಟ್ಟೈತೇನ?" ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂದು, ಸೋದರಮಾವ ಎಂಬ ಮರ್ಯಾದೆಗೆ ಅಲ್ಲೇ ನಿಂತಿತು.

ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರ ಮಾಡುವ ಹುಡುಗ. ಹಳೆಯ ಟೆಂಪೊ ಟ್ರಾವೆಲರ್ ಕೊಂಡು, ಸೀಟು ಕಿತ್ತಿಸಿ, ಎರಡು ಮಂಚ, ಚಿಕ್ಕ ಅಡುಗೆಕಟ್ಟೆ, ಫ್ರಿಜ್ಜು, ಮುಕ್ಕಾಲು ಟನ್ನಿನ ಎಸಿ ಕೂಡಿಸಿದ್ದಾನೆ. ಕಿಟಕಿಗೆ ನಮ್ಮಕ್ಕ, ಅಂದರೆ ಅವನ ತಾಯಿ, ತಾನೇ ನೇಯ್ದ ಸೀರೆ ಕತ್ತರಿಸಿ ಪರದೆ ಹೊಲಿದಿದ್ದಾಳೆ. ಅಂಚು ಗಾಡಿದಡಿ. ಗಾಡಿಗೆ ಗಾಡಿದಡಿಯೇ ಸರಿ ಎಂದು ಅವಳ ತೀರ್ಮಾನ. ಗಾಲಿಯ ಮೇಲೆ ಮನೆ ಮಾಡುವುದು ನಮ್ಮ ಕಡೆಗೆ ತೀರ ಹೊಸದೇನಲ್ಲ. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ರೈಲು ಬಾದಾಮಿ ಸ್ಟೇಷನ್ನಿಗೆ ಬಂದು ನಿಂತಾಗ ನೋಡಿದ್ದೇನೆ. ಅದರಲ್ಲಿ ಚಾಲುಕ್ಯರ ಹೆಸರಿನದೂ ಒಂದು ಬೋಗಿ ಇದೆ. ಆದರೆ ನಾನು ನೋಡುತ್ತ ನಿಲ್ಲುವುದು ಜನರೇಟರ್ ಹೊತ್ತ ಪವರ್ ಕಾರನ್ನು. ಅರಮನೆಯಂಥ ರೈಲಾದರೂ ಕರೆಂಟು ತನ್ನ ಗಂಟಿನಲ್ಲೇ ಕಟ್ಟಿಕೊಂಡು ತಿರುಗಬೇಕಲ್ಲ.

ವೈರಿನ ವಿಷಯಕ್ಕೆ ಬರುತ್ತೇನೆ. ನಾನು 1984ರಲ್ಲಿ ಕೆ.ಇ.ಬಿ. ಸೇರಿ ಲೈನ್‌ಮನ್ ಆಗಿ ಕಂಬ ಹತ್ತಿದವನು. ಮುಂದೆ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಹೆಸ್ಕಾಂ ಆಯಿತು. ಊರವರಿಗೆ ನಾವು ಕೊನೆತನಕ ಕೆಇಬಿಯವರೇ. ಎರಡು ಕಡೆ ಪಿನ್ನಿನ ವೈರಿನ ಒಂದು ತುದಿಯನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮನೆಯೆಲ್ಲ ಬೆಳಗುತ್ತದೆ, ನಿಜ. ಮೇನ್ ಸ್ವಿಚ್ ಆರಿಸಲು ಮರೆತರೆ ಅದೇ ಕರೆಂಟು ಮೀಟರು ದಾಟಿ ಕಂಬಕ್ಕೆ ಹತ್ತುತ್ತದೆ. ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ ತಲುಪಿತೋ, 11,000 ವೋಲ್ಟನ್ನು ಇಳಿಸಿ ಕೊಡುವ ಆ ಪೆಟ್ಟಿಗೆಯೇ 230ನ್ನು ಮೇಲೇರಿಸಿ ಕಳಿಸುತ್ತದೆ. ಅದಕ್ಕೆ ಹಿಂದು ಮುಂದು ಗೊತ್ತಿಲ್ಲ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ತೆಗೆದುಕೊಂಡು, ಲೈನು ಸತ್ತಿದೆ ಎಂದು ನಂಬಿ ಹತ್ತಿದವನಿಗೂ ಗೊತ್ತಿರುವುದಿಲ್ಲ.

ನನಗೆ ಹೀಗೆ ಆದದ್ದು ಒಂದೇ ಸಲ. ಕೈ ಹಾಕುವ ಮುಂಚೆ ಪದ್ಧತಿಯಂತೆ ಅರ್ಥ್ ಮಾಡಲು ಡಿಸ್ಚಾರ್ಜ್ ರಾಡ್ ತಾಗಿಸಿದೆ. ಸತ್ತ ತಂತಿ ಚಟ್ಟೆಂದು ಕಿಡಿ ಕಾರಿತು. ಕೆಳಗೆ ಯಾವುದೋ ಅಂಗಡಿಯ ಮುಂದೆ ಜನರೇಟರು ತನ್ನ ಪಾಡಿಗೆ ಹೊಗೆ ಬಿಡುತ್ತಿತ್ತು. ಇಳಿದು ಬಂದು ಅರ್ಧ ತಾಸು ಚಹಾ ಲೋಟ ಹಿಡಿಯಲು ಕೈ ಬರಲಿಲ್ಲ. ಅಂದಿನಿಂದ ಎರಡು ಕಡೆ ಪಿನ್ನಿನ ವೈರು ಎಲ್ಲಿ ಕಂಡರೂ ನನ್ನದು ಕತ್ತರಿಸುವ ಚಾಳಿ. ಬೀಗರ ಮನೆಯಲ್ಲೂ ಕತ್ತರಿಸಿದ್ದೇನೆ.

ಇಷ್ಟು ಹೇಳಿದರೂ ಜನರೇಟರಿನ ಮೇಲೆ ನನಗಿರುವುದು ದ್ವೇಷವಲ್ಲ. ಅದರ ಜೊತೆ ನನ್ನ ಸಂಬಂಧ ಬನಶಂಕರಿ ಜಾತ್ರೆಯಲ್ಲಿ, ಚಡ್ಡಿ ಹಾಕುವ ವಯಸ್ಸಿನಲ್ಲೇ ಕುದುರಿದ್ದು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಚೊಳಚಗುಡ್ಡದ ಬಯಲಿನಲ್ಲಿ ವಾರಗಟ್ಟಲೆ ನಾಟಕ ಕಂಪನಿಗಳ ಕಾರುಬಾರು. ಕಮತಗಿ, ಚಿತ್ತರಗಿ ಎಂದು ನಮ್ಮ ಸುತ್ತಿನ ಊರುಗಳೇ ಕಂಪನಿಗಳ ಹೆಸರಾಗಿ ನಾಡೆಲ್ಲ ತಿರುಗಿದವು. ಒಂದಾಟ ಮುಗಿದು ಇನ್ನೊಂದಾಟ, ಬೆಳತನಕ. ಕಲಾವಿದರ ಸಂಸಾರ ಥಿಯೇಟರಿನ ಹಿಂದೆ, ತಗಡು ತಟ್ಟಿಯ ಮರೆಯಲ್ಲಿ. ಕ್ಯಾಂಪು ಎತ್ತಿದರೆ ಟ್ರಂಕು, ತೊಟ್ಟಿಲು, ಪರದೆ ಎಲ್ಲ ಲಾರಿಗೆ. ಅಳಿಯನ ಗಾಡಿಗಿಂತ ದೊಡ್ಡ ತಿರುಗುಮನೆ ಅದು.

ಅವ್ವನ ಕಾಲಕ್ಕೆ ಅಲ್ಲಿ ಗ್ಯಾಸ್ ಬತ್ತಿ. ಬರ್ಲಿನ್ನಿನ ಗ್ರೇಟ್ಸ್ ಕಂಪನಿಯ ಪೆಟ್ರೋಮ್ಯಾಕ್ಸು ನಮ್ಮ ರಂಗಭೂಮಿಯ ಮುಖವನ್ನು ಎಷ್ಟೋ ವರ್ಷ ಬೆಳಗಿದೆ. ಪಂಪು ಹೊಡೆಯುವವನು ನಾಟಕದ ನಡುವೆಯೇ ಸ್ಟೇಜಿಗೆ ಬರುತ್ತಿದ್ದನಂತೆ, ಕಥೆಗೆ ಸಂಬಂಧವಿಲ್ಲದ ಒಬ್ಬನೇ ಪಾತ್ರಧಾರಿ. ನನ್ನ ಕಾಲಕ್ಕೆ ಆಯಿಲ್ ಎಂಜಿನ್ನು ಬಂದಿತ್ತು. ಭಾರಿ ಗಾಲಿ, ಗಾಲಿಯಿಂದ ಡೈನಮೋಕ್ಕೆ ಪಟ್ಟಾ, ತಂಪಿಗೆ ಒಂದು ನೀರಿನ ಡ್ರಮ್ಮು. ಯಾವ ಕಂಪನಿಯದಿರಲಿ, ನಮಗೆಲ್ಲ ಅದು 'ಕಿರ್ಲೋಸ್ಕರ್'. ತಪ್ಪೇನು? ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರು ಮಾಡಿದವರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ ಪುಣೆಯಲ್ಲಿ ನಿಂತದ್ದು 1946ರಲ್ಲಿ.

ಎಂಜಿನ್ ಕಾಕಾ ಹ್ಯಾಂಡಲ್ ತಿರುವಿ ಲಿವರ್ ಬಿಟ್ಟರೆ ಡುಗ್, ಡುಗ್, ಡುಗ್. ನಾನು ನಾಟಕ ಬಿಟ್ಟು ಅದರ ಮುಂದೆ ಕೂಡುತ್ತಿದ್ದೆ. ಹೊರೆ ಹೆಚ್ಚಾಗಿ ಎಂಜಿನ್ನು ಏದುಸಿರು ಬಿಟ್ಟರೆ ಒಳಗೆ ಬಲ್ಬು ಕೆಂಪಗಾಗುತ್ತಿದ್ದವು. ಸುಯೋಧನ ಗದೆ ಎತ್ತುವುದಕ್ಕೂ ಸಭೆಗೆ ಸಂಜೆಯಾಗುವುದಕ್ಕೂ ಸರಿಹೋದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಆಟ ಮುಗಿದ ಮೇಲೆ ಕಲಾವಿದರು ತಂಬಿಗೆ ಹಿಡಿದು ಡ್ರಮ್ಮಿನ ಸುತ್ತ ನೆರೆಯುವರು. ಎಂಜಿನ್ನು ಕಾಯಿಸಿದ ಆ ಬಿಸಿನೀರಿನಲ್ಲೇ ಬಣ್ಣ ತೊಳೆಯುವುದು. ಮಾಘದ ಚಳಿಯಲ್ಲಿ ಭೀಮಸೇನನಿಗೆ ಒಂದು ತಂಬಿಗೆ ಬಿಸಿನೀರು ತುಂಬಿ ಕೊಟ್ಟವನು ನಾನು. ಕಂಬ ಹತ್ತುವ ಕೆಲಸಕ್ಕೆ ಹೋಗಬೇಕೆಂಬ ಹುಚ್ಚು ಅಲ್ಲಿಯೇ ಹತ್ತಿದ್ದು.

ಈ ಯಂತ್ರ ಕೈಯಲ್ಲಿ ಹಿಡಿದು ಒಯ್ಯುವಷ್ಟು ಸಣ್ಣದಾದ ಕಥೆ ಜಪಾನಿನದು. ಹೋಂಡಾದವರು 1965ರಲ್ಲಿ ತಂದ ಇ300 ಎಂಬ ಪೆಟ್ಟಿಗೆಯ ಶಕ್ತಿ 300 ವಿಎ. ನಮ್ಮಲ್ಲಿಗೆ ಹೋಂಡಾ ಎಂಬತ್ತರ ದಶಕದಲ್ಲಿ 'ಶ್ರೀರಾಮ್ ಹೋಂಡಾ' ಆಗಿ ಬಂತು. ಪೆಟ್ರೋಲಿನಲ್ಲಿ ಶುರು ಮಾಡಿ ಕಾಕ್ ತಿರುವಿದರೆ ಸೀಮೆಎಣ್ಣೆಯಲ್ಲಿ ಓಡುವ ಮಾದರಿ ನೋಡಿ ಅಂಗಡಿಕಾರರು ಮರುಳಾದರು. ರೇಷನ್ ಚಿಮಣಿಎಣ್ಣೆ ಮನೆಯ ಸ್ಟವ್ವಿಗಿಂತ ಮೊದಲು ಅಂಗಡಿಯ ಜನರೇಟರಿಗೆ ಬೀಳತೊಡಗಿತು. ನಾವು ಲೈನು ಆರಿಸಿದರೆ ಸಾಕು, ಪೇಟೆಯಲ್ಲಿ ಸಾಲಾಗಿ ಗುಡುಗು.

ಅಳಿಯನಿಗೆ ಗಾಡಿಗೆಂದು 5 ಕೆವಿಎ ಜನರೇಟರು ಬೇಕಂತೆ. ಹೊರಲು ಇಬ್ಬರು ಆಳು ಬೇಕು, ದನಿಗೆ ಇಡೀ ಜಾತ್ರೆ ಏಳಬೇಕು. ನಾನು ಹಳೆಯ ಡೈರಿ ತೆಗೆದು ಲೆಕ್ಕಕ್ಕೆ ಕೂತೆ. ಫ್ಯಾನು 75 ವ್ಯಾಟ್, ನಾಲ್ಕು ಎಲ್‌ಇಡಿಗೆ 36, ಮಿಕ್ಸರ್ 500, ಎಸಿ ಓಡುವಾಗ 800. ಆದರೆ ಹಳೆಯ ಪದ್ಧತಿಯ ಎಸಿ, ಫ್ರಿಜ್ಜು, ಪಂಪು ಶುರುವಾಗುವ ಗಳಿಗೆಯಲ್ಲಿ ಎಳೆಯುವುದು ಓಡುವಾಗಿನ ಹಲವು ಪಟ್ಟು. ಜನರೇಟರು ಸಾಯುವುದು ಆ ಗಳಿಗೆಯಲ್ಲೇ. ಅದೃಷ್ಟಕ್ಕೆ ಅವನು ಹಾಕಿಸಿದ್ದು ಮೆಲ್ಲಗೆ ಏರುವ ಇನ್ವರ್ಟರ್ ಎಸಿ. ಅಡ್ಡಿಯಾದದ್ದು 2000 ವ್ಯಾಟಿನ ಇಂಡಕ್ಷನ್ ಒಲೆ. ಅದನ್ನು ನನ್ನ ಹೆಂಡತಿ ಒಂದೇ ಮಾತಿಗೆ ಹೊರಗೆ ಹಾಕಿದಳು: "ಅದರ ಮ್ಯಾಲೆ ರೊಟ್ಟಿ ಉಬ್ಬಸಿ ತೋರ್ಸ, ಆಮ್ಯಾಲೆ ಮಾತಾಡ." ಕೊನೆಗೆ ತಂದದ್ದು 2 ಕೆವಿಎದ ಇನ್ವರ್ಟರ್ ಜನರೇಟರು. ಎಡೆಬಿಡದೆ ಕೊಡುವುದು 1600 ವ್ಯಾಟ್, ತೂಕ 21 ಕಿಲೋ. ಹೊರೆ ಕಡಿಮೆಯಾದರೆ ತಾನೇ ಉಸಿರು ತಗ್ಗಿಸುತ್ತದೆ.

ಇನ್ನು ಜೋಡಣೆ. ಗಾಡಿಯ ಬದಿಗೆ, ಕರೆಂಟು ಒಳಗೆ ಹೋಗಲು ಮುಚ್ಚಳವಿರುವ ಒಂದೇ ದಾರಿ; ಒಳಗೆ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ಚು. ಒಂದು ಎಂದರೆ ಊರ ಲೈನು, ಎರಡು ಎಂದರೆ ಜನರೇಟರು, ನಡುವೆ ಸೊನ್ನೆ. ಫೇಸು, ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಬಿಡಿಸಿ ಒಟ್ಟಿಗೆ ಹಿಡಿಯುತ್ತದೆ. ಸೊನ್ನೆಯನ್ನು ದಾಟದೆ ಒಂದರಿಂದ ಎರಡಕ್ಕೆ ಹೋಗಲು ಬರುವುದಿಲ್ಲ, ಅದೇ ಅದರ ದೊಡ್ಡ ಗುಣ. (ವಚನಕಾರರ ಕೂಡಲಸಂಗಮದ ಕಡೆಯವರಿಗೆ ಶೂನ್ಯದ ಮಹಿಮೆ ನಾನು ಹೇಳಬೇಕಾಗಿಲ್ಲ.) ಇಂಥ ಜನರೇಟರಿನ ನ್ಯೂಟ್ರಲ್ಲು ಸಾಮಾನ್ಯವಾಗಿ ನೆಲಕ್ಕೆ ಸೇರಿರುವುದಿಲ್ಲ, ಹಾಗೇ ಬಿಟ್ಟರೆ ಕರೆಂಟು ಸೋರಿದಾಗ ಲೈನು ಕಡಿಯುವ ಗಾಡಿಯ ಆರ್‌ಸಿಸಿಬಿ ಹೊಡೆದುಕೊಳ್ಳಬೇಕಾದಾಗ ಸುಮ್ಮನಿರುತ್ತದೆ. ಆದ್ದರಿಂದ ಜನರೇಟರಿನ ಕಡೆಯಷ್ಟೇ ನ್ಯೂಟ್ರಲ್ಲನ್ನು ಚೌಕಟ್ಟಿಗೆ ಕಟ್ಟಿ, ಗಾಡಿಯ ಚಾಸಿಯನ್ನೂ ಸೇರಿಸಿ, ನೆಲಕ್ಕೆ ಸಲಾಕಿ ಹೊಡೆದು ಅರ್ಥ್ ಕೊಟ್ಟೆ.

ಅಕ್ಕ ಇದನ್ನೆಲ್ಲ ನೋಡುತ್ತ ಕೂತಿದ್ದಳು. ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟವಳು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸೇರಿಸುವುದೇ ಕೊಂಡಿ. ಒಂದು ಕೊಂಡಿ ತಪ್ಪಿದರೆ ತೋಪ ತೆನೆಯ ಸೆರಗು ಅಲ್ಲೇ ಜಗ್ಗುತ್ತದೆ. "ಇಷ್ಟಕ್ಕ ಎರಡ ದಿನಾ ಬೇಕೇನೋ ತಮ್ಮಾ? ನಾ ಆಗಿದ್ರ ಮುಂಜಾನಿಗೇ ಮುಗಸ್ತಿದ್ದೆ," ಎಂದಳು.

ಹುಣ್ಣಿಮೆಯ ಮರುದಿನ ಬನಶಂಕರಿಗೆ ಹೋಗಿ ಪರಿಚಯದವರ ಹೊಲದಲ್ಲಿ, ಒಂದು ನಾಟಕದ ಥಿಯೇಟರಿನ ಹಿಂದೆ ಗಾಡಿ ನಿಲ್ಲಿಸಿದೆವು. ಮೂಡಗಾಳಿ ಬೀಸುತ್ತಿತ್ತು. ಜನರೇಟರನ್ನು ಗಾಡಿಯ ಪಡುವಣಕ್ಕೆ, ವೈರು ಎಳೆದಷ್ಟು ದೂರ ಇಟ್ಟೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆ ಕೊಲ್ಲುತ್ತದೆ.

ರಾತ್ರಿ ಹತ್ತಕ್ಕೆ ಬಣ್ಣ ಹಚ್ಚಿದ ಹುಡುಗನೊಬ್ಬ ಬಂದ. ಖಳನಾಯಕ. ಮೀಸೆ ಅರ್ಧ ಅಂಟಿತ್ತು. "ಯಜಮಾನ್ರ, ಒಂದ ಪಿನ್ ಖಾಲಿ ಐತೇನ್ರಿ?" ಅವನ ಹಿಂದೆ ನಾಯಕಿ, ತಬಲಾದವನು, ಬಳೆ ಅಂಗಡಿಯ ಅಜ್ಜಿ. ಅರ್ಧ ತಾಸಿನಲ್ಲಿ ನಮ್ಮ ಬೋರ್ಡಿಗೆ ಹನ್ನೊಂದು ಮೊಬೈಲು ತೂಗಾಡುತ್ತಿದ್ದವು. ಅಳಿಯನ ಎಸಿಗೆ ಕೆಲಸವೇ ಬೀಳಲಿಲ್ಲ.

ಗಂಟೆ ಬಾರಿಸಿ, ಖಳನಾಯಕ ಓಡಿದ ಸ್ವಲ್ಪ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ 'ಅವ್ವ'. ಮೂರನೇ ಸಲಕ್ಕೆ ಅಕ್ಕ ಅದನ್ನು ಚಾರ್ಜರಿನಿಂದ ಬಿಡಿಸಿ ಎತ್ತಿಕೊಂಡಳು. "ನಿಮ್ಮ ಮಗಾ ಸ್ಟೇಜಿನ ಮ್ಯಾಲೆ ಅದಾನ್ರೀ ಯಕ್ಕಾ. ದನಿ ಇಲ್ಲೀಮಟಾ ಕೇಳಾಕತ್ತೈತಿ. ತಡೀರಿ, ನಿಮಗೂ ಕೇಳಸ್ತೀನಿ." ಫೋನನ್ನು ತಗಡಿನ ಗೋಡೆಯ ಕಡೆ ಚಾಚಿ ಹಿಡಿದಳು. ಒಳಗೆ ಅವನು ಯಾರದೋ ಆಸ್ತಿಪತ್ರ ಕಸಿದುಕೊಂಡು ಗಹಗಹಿಸುತ್ತಿದ್ದ.

"ಏನೂ ಕೇಳವಲ್ದಂತೋ ತಮ್ಮಾ. ಬರೇ ಗುರ್ರ್ ಅಂತೈತಂತ."

ಸ್ವಿಚ್ಚನ್ನು ಎರಡರಿಂದ ಸೊನ್ನೆಗೆ ತಂದೆ. ಇಳಿದು ಹೋಗಿ ಎಂಜಿನ್ನನ್ನೂ ಆರಿಸಿದೆ. ಅಕ್ಕ ಕತ್ತಲಲ್ಲಿ ಕೈ ಚಾಚಿಕೊಂಡೇ ನಿಂತಿದ್ದಳು. ಫೋನಿನಲ್ಲಿ ಏಳು ಪರ್ಸೆಂಟ್ ಉಳಿದಿತ್ತು.